ಮಾಯವಾದವರ ದಾರಿ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕರಾವಳಿಗೆ ಹೋಗಿಬಂದಿರಲ್ಲ, ಅದರ ಬಗ್ಗೆ ಮಾತಾಡಿ ಅಂತ ನಮ್ಮನ್ನು ಇಲ್ಲಿ ನಿಲ್ಲಿಸಿದ್ದೀರಿ. ನಮ್ಮವರ ಮನೆಗಳಲ್ಲಿ ಪ್ರವಾಸ ಅನ್ನೋ ಪದವೇ ಇಲ್ಲ. ನಮ್ಮ ಅಪ್ಪಂದಿರು ಊರು ಬಿಟ್ಟಿದ್ದು ಕಬ್ಬು ಕಡಿಯೋಕೆ, ಕಾಫಿ ತೋಟದ ಕೂಲಿಗೆ, ಬೆಂಗಳೂರಿನ ಗಾರೆ ಕೆಲಸಕ್ಕೆ. ನೋಡಿಬರೋಣ ಅಂತ ಯಾರೂ ಊರು ಬಿಟ್ಟವರಲ್ಲ. ನಾವು ಐದು ಜನ ಬಯಲುಸೀಮೆಯವರು, ಸ್ಕಾಲರ್‌ಶಿಪ್ಪಿನ ದುಡ್ಡಲ್ಲಿ ಉಳಿಸಿಕೊಂಡು, ನೋಡೋಕೆ ಅಂತಲೇ ಹೋದೆವು. ಕುತ್ತಾರಿನಿಂದ ಕಾರವಾರದವರೆಗೆ, ಸುಮಾರು 270 ಕಿಲೋಮೀಟರು. ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಎರಡು ಕಡೆ ಮೀನು ಗಾಡಿ. ರಸ್ತೆಯ ಹೆಸರು ರಾಷ್ಟ್ರೀಯ ಹೆದ್ದಾರಿ 66. ಹಳಬರು ಈಗಲೂ ಹದಿನೇಳು ಅಂತಲೇ ಕರೀತಾರೆ.

ಈ ದಾರಿಯಲ್ಲಿ ಕತೆ ಇಲ್ಲದ ಕಲ್ಲಿಲ್ಲ. ಬಸ್ಸು ನಿಂತಲ್ಲೆಲ್ಲ ಒಂದು ದೈವದ ಕಟ್ಟೆ, ಒಂದು ಗರಡಿ, ಒಂದು ಬಸದಿ, ಇಲ್ಲವೇ ದೇವರು ಕಾಲಿಟ್ಟ ಗುರುತು. ಪ್ರವಾಸೋದ್ಯಮದ ಪುಸ್ತಕಗಳಲ್ಲಿ ಈ ಕತೆಗಳನ್ನೆಲ್ಲ ಬಣ್ಣ ಬಳಿದು ಕೊಡುತ್ತಾರೆ. ನಾವು ಒಂದೇ ಪ್ರಶ್ನೆ ಇಟ್ಟುಕೊಂಡು ಹೋದೆವು. ಈ ಕತೆಯಲ್ಲಿ ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತು?

ಮೊದಲ ಕತೆ ಪರಶುರಾಮನದು. ಅವನು ಕೊಡಲಿ ಬೀಸಿ ಎಸೆದನಂತೆ, ಸಮುದ್ರ ಹಿಂದೆ ಸರಿಯಿತಂತೆ, ಆ ನೆಲವೇ ಕರಾವಳಿಯಂತೆ. ಆ ಹೊಸ ನೆಲವನ್ನು ಬ್ರಾಹ್ಮಣರಿಗೆ ದಾನ ಕೊಟ್ಟನಂತೆ. ಸರಿ, ಒಪ್ಪೋಣ. ಆದರೆ ಸಹ್ಯಾದ್ರಿಖಂಡ ಅನ್ನುವ ಪುರಾಣದಲ್ಲೇ ಇನ್ನೊಂದು ಮಾತು ಬರುತ್ತದೆ. ದಾನ ತೆಗೆದುಕೊಳ್ಳೋಕೆ ಬ್ರಾಹ್ಮಣರು ಸಿಗದೆ ಪರಶುರಾಮ ಅಲ್ಲಿನ ಮೀನುಗಾರರನ್ನೇ ಕರೆದು, ಅವರ ಬಲೆಯ ದಾರ ಹರಿದು ಜನಿವಾರ ಮಾಡಿ ಹಾಕಿದನಂತೆ. ನೆಲವೇ ಇರಲಿಲ್ಲ ಅಂದಮೇಲೆ ಆ ಮೀನುಗಾರರು ಬಲೆ ಹಿಡಿದು ನಿಂತಿದ್ದು ಎಲ್ಲಿ? ಸುಳ್ಳು ಹೇಳುವವನು ಎರಡನೇ ಸಾಲಿನಲ್ಲಿ ಸಿಕ್ಕಿಬೀಳುತ್ತಾನೆ. ಜೋತಿಬಾ ಫುಲೆ 1873ರಲ್ಲಿ ಅಚ್ಚಾದ ತಮ್ಮ 'ಗುಲಾಮಗಿರಿ'ಯಲ್ಲಿ ಪರಶುರಾಮನಿಗೇ ನೇರವಾಗಿ ನೋಟೀಸು ಕೊಟ್ಟರು. ಚಿರಂಜೀವಿ ಅಂತೀಯಲ್ಲ, ಬದುಕಿದ್ದರೆ ಬಂದು ಹಾಜರಾಗು ಅಂತ. ಪುರಾಣವನ್ನು ಕೋರ್ಟಿಗೆ ಎಳೆಯೋದು ಹೇಗೆ ಅಂತ ನಮಗೆ ಕಲಿಸಿದ ಮೊದಲ ಮೇಷ್ಟ್ರು ಅವರು.

ಅದೇ ಫುಲೆ ಬಲಿರಾಜನನ್ನು ನಮ್ಮ ಹಳೆಯ ದೊರೆ ಅಂದರು. ತುಳುನಾಡಿನಲ್ಲಿ ದೀಪಾವಳಿಯ ರಾತ್ರಿ ಗದ್ದೆಗೆ ದೀಪ ಹಿಡಿದುಕೊಂಡು ಹೋಗಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಭೂಮಿ ಕಳಕೊಂಡ ರಾಜ ವರ್ಷಕ್ಕೊಮ್ಮೆ ತನ್ನ ಗದ್ದೆ ನೋಡಿಕೊಂಡು ಹೋಗೋಕೆ ಮಾತ್ರ ಬರಬೇಕು. ಖಾಯಂ ಆಗಿ ಬರಬೇಕಾದರೆ ಆಗದ ಹೋಗದ ಷರತ್ತುಗಳು. ಈ ಷರತ್ತಿನ ಭಾಷೆ ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿಯಲ್ಲಿ ದಿನಾ ಕೇಳುತ್ತೇವೆ.

ಕುತ್ತಾರಿಗೆ ಬರೋಣ. ಮಂಗಳೂರಿಗೆ ಹತ್ತಿರ, ಉಳ್ಳಾಲದ ಕಡೆ. ಕೊರಗಜ್ಜನ ಮೂಲಸ್ಥಾನ. ಈಗ ಈ ಅಜ್ಜನ ಹೆಸರು ಎಲ್ಲೆಲ್ಲೂ ಇದೆ. ಕಾರಿನ ಹಿಂದಿನ ಗಾಜಿನ ಮೇಲೆ, ಬಸ್ಸಿನ ನೆತ್ತಿಯ ಮೇಲೆ, ಬೆಂಗಳೂರಿನ ಫ್ಲಾಟುಗಳಲ್ಲಿ. ಕಳೆದುಹೋದ ವಸ್ತು ಸಿಗಬೇಕಾದರೆ ಅಜ್ಜನಿಗೆ ಹೇಳಿಕೊಂಡರೆ ಸಾಕು ಅಂತ ನಂಬಿಕೆ. ವೀಳ್ಯದೆಲೆ, ಚಕ್ಕುಲಿ, ಶೇಂದಿ ಅಥವಾ ಸಾರಾಯಿ ಇಟ್ಟು ಕೈಮುಗೀತಾರೆ. ನಾವು ಹೋದ ದಿನ ಕಾರುಗಳ ಸಾಲು ನಿಂತಿತ್ತು.

ಅಜ್ಜನ ಕತೆ ಏನು? ತನಿಯ ಅನ್ನುವ ಕೊರಗರ ಹುಡುಗ. ತಬ್ಬಲಿ. ಶೇಂದಿ ಮಾರುವ ಬೈದೆತಿ ತಾಯಿಯೊಬ್ಬಳು ಅವನನ್ನು ಕರಕೊಂಡು ಬಂದು ಸಾಕುತ್ತಾಳೆ. ದೇವಸ್ಥಾನಕ್ಕೆ ಸಲ್ಲಬೇಕಾದ ಹೊರೆಯನ್ನು, ಏಳು ಆಳು ಹೊರಬೇಕಾದ್ದನ್ನು, ಇವನೊಬ್ಬನೇ ಹೊತ್ತುಕೊಂಡು ಹೋಗುತ್ತಾನೆ. ಹೊರೆ ಒಳಗೆ ಬರಬಹುದು, ಹೊತ್ತವನು ಬರಬಾರದು ಅಂತಾರೆ. ತಾನು ತಂದದ್ದು ಬೇಕು, ತಾನು ಬೇಡವೋ ಅಂತ ತನಿಯ ಕೇಳುತ್ತಾನೆ. ಆಮೇಲೆ ಸಾಕಿದ ತಾಯಿಗೆ ಉಪ್ಪಿನಕಾಯಿಗೆ ಆಗುತ್ತದೆ ಅಂತ ಅಲ್ಲಿದ್ದ ಮಾದಳ ಹಣ್ಣನ್ನು ಕೀಳೋಕೆ ಹತ್ತುತ್ತಾನೆ. ಹತ್ತಿದವನು ಇಳಿಯೋದಿಲ್ಲ. ಮಾಯವಾಗುತ್ತಾನೆ. ದೈವವಾಗುತ್ತಾನೆ.

ಗೆಳೆಯರೇ, ಈ 'ಮಾಯವಾದ' ಅನ್ನೋ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ತುಳುವಿನ ಪಾಡ್ದನಗಳಲ್ಲಿ, ಅಂದರೆ ನಮ್ಮ ಹೆಣ್ಣುಮಕ್ಕಳು ನಾಟಿ ಮಾಡುತ್ತಾ ಹಾಡುವ, ಕೋಲದಲ್ಲಿ ದೈವ ಕಟ್ಟುವವರು ಹೇಳುವ ಆ ಉದ್ದುದ್ದ ಹಾಡುಗಳಲ್ಲಿ, ಮತ್ತೆ ಮತ್ತೆ ಇದೇ ಆಗುತ್ತದೆ. ಪ್ರಶ್ನೆ ಕೇಳಿದವನು ಮಾಯವಾಗುತ್ತಾನೆ, ಕೈ ಎತ್ತಿದವಳು ಮಾಯವಾಗುತ್ತಾಳೆ. ಹಾಡಿದವರು ಯಾರು? ಅದೇ ಒಡೆಯನ ಗದ್ದೆಯಲ್ಲಿ ಸೊಂಟ ಬಗ್ಗಿಸಿದ ಹೆಂಗಸರು. ಒಡೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಅವನೆದುರಿಗೆ 'ಕೊಂದರು' ಅಂತ ಹಾಡೋಕಾಗುತ್ತದೆಯೆ? ಮಾಯವಾದ ಅಂತ ಹಾಡಿದರು. ನಾವು ಇದನ್ನು ಹಾಗೇ ಓದುತ್ತೇವೆ. ಪಂಡಿತರು ಬೇರೆ ರೀತಿ ಓದಿಕೊಳ್ಳಲಿ.

ಕಾರ್ಕಳದ ಕತೆಯೂ ಇದೇ. ಹೆದ್ದಾರಿ ಬಿಟ್ಟು ಒಳಗೆ ಹೋದೆವು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟ, 42 ಅಡಿ. ಶಾಸನದಲ್ಲಿ ಅರಸನ ಹೆಸರಿದೆ. ಕೆತ್ತಿದವನ ಹೆಸರು ಪಾಡ್ದನದಲ್ಲಿದೆ. ಬೀರ ಕಲ್ಕುಡ. ಕೆಲಸ ಮುಗಿದ ಮೇಲೆ ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದನಂತೆ. ಕಲ್ಕುಡ ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕೆತ್ತಿದನಂತೆ. ಅವನ ತಂಗಿ ಕಲ್ಲುರ್ಟಿ ಅಣ್ಣನ ಜೊತೆ ಮಾಯಕ್ಕೆ ಸೇರಿ ಅರಸನ ಮೇಲೆ ಸೇಡು ತೀರಿಸಿಕೊಂಡಳಂತೆ. ನಮ್ಮ ಐದು ಜನರಲ್ಲಿ ಇತಿಹಾಸ ಓದಿದವನೊಬ್ಬ ಇದ್ದ. ವೇಣೂರಿನದು 1604ರದ್ದು ಕಣ್ರೋ, ನಡುವೆ 172 ವರ್ಷ ಇದೆ, ಒಬ್ಬನೇ ಶಿಲ್ಪಿ ಎರಡನ್ನೂ ಹೇಗೆ ಕೆತ್ತುತ್ತಾನೆ ಅಂತ ಕೇಳಿದ. ಸರಿಯಾದ ಪ್ರಶ್ನೆಯೇ. ನಮ್ಮ ಉತ್ತರ ಇಷ್ಟೆ: ಕಲ್ಕುಡ ಒಬ್ಬನಲ್ಲ. 172 ವರ್ಷದ ಉದ್ದಕ್ಕೂ ಕಲ್ಲು ಒಡೆದವರೆಲ್ಲ ಸೇರಿ ಒಬ್ಬ ಕಲ್ಕುಡ. ಇಸವಿ ತಪ್ಪಿರಬಹುದು, ಕೈ ಹೋದದ್ದು ತಪ್ಪಿಲ್ಲ.

ಉಡುಪಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕನಕನ ಕಿಂಡಿಯ ಕತೆ ನಿಮಗೆಲ್ಲ ಪಾಠದಲ್ಲೇ ಬಂದಿದೆ. ದೇವರು ತಿರುಗಿದ, ಗೋಡೆ ಬಿರಿಯಿತು. ಬಾಗಿಲು ತೆಗೆದರು ಅಂತ ಮಾತ್ರ ಆ ಕತೆ ಎಲ್ಲೂ ಹೇಳುವುದಿಲ್ಲ. ನಮಗೆ ಉಡುಪಿ ಅಂದರೆ ನೆನಪಾಗುವುದು 2016ರ ಅಕ್ಟೋಬರ್. ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಕಟ್ಟಿ ಹೊಡೆದ ಮೇಲೆ ಬೆಂಗಳೂರಿನಿಂದ ಹೊರಟ ಚಲೋ ಉಡುಪಿ ಜಾಥಾ 9ನೇ ತಾರೀಖು ಅಲ್ಲಿ ಮುಟ್ಟಿತು. ಅನ್ನದ ಆಯ್ಕೆ ನಮ್ಮದು, ಭೂಮಿ ನಮ್ಮ ಹಕ್ಕು ಅಂತ ಕೇಳಿದ ಜಾಥಾ. ನಿಮ್ಮಲ್ಲಿ ಕೆಲವರ ಅಣ್ಣಂದಿರು ಅದರಲ್ಲಿ ನಡೆದವರಿದ್ದಾರೆ.

ಬಾರ್ಕೂರಿನ ಭೂತಾಳಪಾಂಡ್ಯನ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಹಡಗು ನೀರಿಗಿಳಿಯಬೇಕಾದರೆ ಕುಂಡೋದರ ಅನ್ನುವ ಭೂತ ನರಬಲಿ ಕೇಳಿತು. ಅರಸನ ಹೆಂಡತಿ ಮಗನನ್ನು ಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು, ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ಅವನಿಗೆ ರಾಜ್ಯ ಬಂತು, ಅಲ್ಲಿಂದ ಅಳಿಯಸಂತಾನದ ಕಟ್ಟು ಬಂತು. ಅರಮನೆಯ ಹುಡುಗ ಕತೆಗಳಲ್ಲಿ ಯಾವಾಗಲೂ ಉಳೀತಾನೆ, ಅದು ಬಿಡಿ. ಬಾರ್ಕೂರಿನಿಂದ ಸ್ವಲ್ಪವೇ ದೂರ ಕೋಟ. ಇವತ್ತಿನ ನಮ್ಮ ಮಾತು ಇರುವುದೇ ಅಲ್ಲಿ.

ಕೊರಗರ ನೆನಪಿನಲ್ಲಿ ಒಬ್ಬ ಅರಸನಿದ್ದಾನೆ. ಹುಬಾಶಿಕ. ಬುಕಾನನ್ ಅನ್ನುವ ಇಂಗ್ಲಿಷ್ ಕಂಪನಿಯ ಡಾಕ್ಟರು 1801ರಲ್ಲಿ ನಾವು ಹೋದ ಇದೇ ದಾರಿಯಲ್ಲಿ ಹೋಗಿ, 1807ರಲ್ಲಿ ಪುಸ್ತಕ ಮಾಡಿದ. ಅವನಿಗೂ ಈ ಕತೆ ಕಿವಿಗೆ ಬಿತ್ತು. ಕೊರಗರ ನಾಯಕ ಹುಬಾಶಿಕ ಮಯೂರವರ್ಮನ ವಂಶದವರನ್ನು ಓಡಿಸಿ ಈ ತೀರವನ್ನು ಆಳಿದನಂತೆ. ಯುದ್ಧದಲ್ಲಿ ಅವನನ್ನು ಸೋಲಿಸೋಕೆ ಆಗಲಿಲ್ಲ. ಆಗ ಹೆಣ್ಣು ಕೊಡುತ್ತೇವೆ ಅಂತ ಹೇಳಿ ಕಳಿಸಿದರು. ಮದುವೆಗೆ ಬಂದ ಹುಬಾಶಿಕನನ್ನೂ ಅವನ ಜನರನ್ನೂ ಚಪ್ಪರದಲ್ಲೇ ಕೊಂದರು. ಉಳಿದವರನ್ನು ಕಾಡಿಗೆ ಅಟ್ಟಿದರು, ಜೀತಕ್ಕೆ ಹಾಕಿದರು. ಬುಕಾನನ್ ಇದೇ ಪುಸ್ತಕದಲ್ಲಿ ಈ ಸೀಮೆಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಸಮುದ್ರ ನೋಡೋಕೆ ಹೋದವರ ಪುಸ್ತಕದಲ್ಲಿ ಈ ಲೆಕ್ಕ ಕಾಣೋದಿಲ್ಲ.

ಸೋತವರಿಗೆ ಏನು ಮಾಡಿದರು ನೋಡಿ. 1909ರಲ್ಲಿ ಥರ್ಸ್‌ಟನ್ ಬರೆದ ಜಾತಿಗಳ ಪುಸ್ತಕದಲ್ಲಿ ಅಂಡೆ ಕೊರಗರು ಅಂತ ಒಂದು ಗುಂಪು ಬರುತ್ತದೆ. ಕತ್ತಿಗೆ ಅಂಡೆ ಕಟ್ಟಿಕೊಂಡೇ ಓಡಾಡಬೇಕಿತ್ತು, ಯಾಕೆಂದರೆ ದಾರಿಯ ಮೇಲೆ ಉಗುಳಬಾರದು. ದಾರಿ ಮೈಲಿಗೆಯಾಗುತ್ತದೆ. ನಾವು ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿಕೊಂಡು ಗಾಳಿ ಕುಡೀತಾ ಹೋದ ಈ ದಾರಿ! ಇನ್ನು ಅಜಲು. ಮೇಲ್ಜಾತಿಯವರ ಮನೆಯ ಕಾಯಿಲೆ, ಗ್ರಹಚಾರ, ಅಪಶಕುನ ಕಳೆಯಬೇಕಾದರೆ ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಕೊರಗರನ್ನು ಓಡಿಸುವುದು. ಇದು ಪುರಾಣ ಕಾಲದ್ದು ಅಂದುಕೊಳ್ಳಬೇಡಿ. ಇದನ್ನು ನಿಷೇಧಿಸಿ ಕರ್ನಾಟಕ ಸರ್ಕಾರ ಕಾಯಿದೆ ಮಾಡಿದ್ದು 2000ದಲ್ಲಿ. ಕಾಯಿದೆಯ ಒಳಗೇ ಕೂದಲು, ಉಗುರು, ಕಂಬಳ ಎಲ್ಲ ಬರೆದಿದೆ. ನಡೆಯದೇ ಇದ್ದದ್ದನ್ನು ಯಾರೂ ಕಾಯಿದೆಯಲ್ಲಿ ಬರೆಯೋದಿಲ್ಲ.

ಈಗ ಕೋಟಕ್ಕೆ ಬನ್ನಿ. 2021ರ ಡಿಸೆಂಬರ್ 27ರ ರಾತ್ರಿ. ಕೋಟತಟ್ಟಿನ ಕೊರಗರ ಕಾಲನಿಯಲ್ಲಿ ಮದುವೆಯ ಮುಂಚಿನ ಮೆಹಂದಿ. ಹಾಡು ಹಾಕಿಕೊಂಡು ಕುಣೀತಿದ್ದರು. ಶಬ್ದ ಜಾಸ್ತಿ ಅಂತ ದೂರು ಹೋಯಿತು. ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನಿಗೂ ಏಟು, ಹೆಂಗಸರಿಗೂ ಏಟು ಅಂತ ಕಾಲನಿಯವರು ದೂರು ಕೊಟ್ಟರು. ಗಲಾಟೆ ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಒಬ್ಬ ಸಬ್‌ಇನ್ಸ್‌ಪೆಕ್ಟರ್ ಸಸ್ಪೆಂಡ್ ಆದರು. ಏಟು ತಿಂದವರ ಮೇಲೂ ಕೇಸು ಬಿತ್ತು.

ಕೊರಗರ ಡೋಲಿನ ಶಬ್ದ ಶತಮಾನಗಳಿಂದ ಊರಿಗೆ ಬೇಕಿತ್ತು. ಕಂಬಳಕ್ಕೆ ಬೇಕು, ಜಾತ್ರೆಗೆ ಬೇಕು, ಕೂಲಿ ಇಲ್ಲದೆ ಇಡೀ ರಾತ್ರಿ ಬಡಿಯಬೇಕು. ಆಗ ಯಾರಿಗೂ ನಿದ್ದೆ ಕೆಡಲಿಲ್ಲ. ತಮ್ಮ ಮನೆಯ ಮದುವೆಗೆ ಒಂದು ರಾತ್ರಿ ಹಾಡು ಹಾಕಿದ್ದಕ್ಕೆ ನಿದ್ದೆ ಕೆಟ್ಟಿತು. ಹುಬಾಶಿಕನ ಕತೆಯೂ ಮದುವೆ ಚಪ್ಪರದ್ದೇ. ಕೋಟದ ರಸ್ತೆಯಲ್ಲಿ ನಿಂತು ಇದನ್ನು ಮಾತಾಡಿಕೊಂಡಾಗ ನಮ್ಮಲ್ಲಿ ಯಾರಿಗೂ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಕೊರಗಜ್ಜನ ಹೆಸರು ಹೊತ್ತ ಕಾರುಗಳು ಆ ರಸ್ತೆಯಲ್ಲೇ ಓಡಾಡುತ್ತಿದ್ದವು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕೊರಗರು ಹದಿನೈದು ಸಾವಿರಕ್ಕೂ ಕಡಿಮೆ. ಅಜ್ಜನ ಭಕ್ತರು ಅದಕ್ಕಿಂತ ಎಷ್ಟು ಪಟ್ಟು ಅಂತ ನೀವೇ ಲೆಕ್ಕ ಹಾಕಿ.

ಒಂದು ಊರಲ್ಲಿ, ಹೆಸರು ಬೇಡ, ಕೋಲ ಕಟ್ಟುವ ಹಿರಿಯರೊಬ್ಬರ ಮನೆಯಲ್ಲಿ ರಾತ್ರಿ ಉಳಿದೆವು. ದೈವ ಕಟ್ಟುವ ನಲಿಕೆಯವರು, ಪಂಬದರು, ಪರವರು ಪರಿಶಿಷ್ಟ ಜಾತಿಯವರು, ಗೊತ್ತಲ್ಲ. ಅವರು ಮೀನು ಸಾರು, ಕುಚ್ಚಲಕ್ಕಿ ಅನ್ನ ಹಾಕಿದರು. (ನಮ್ಮ ಹಾಸ್ಟೆಲಿನ ಸಾರು ನೆನಪಾಗಿ ಎರಡು ಸಲ ಬಡಿಸಿಕೊಂಡೆವು.) ಅವರು ಹೇಳಿದ್ದು ಇಷ್ಟು: "ರಾತ್ರಿ ಅವರು ನನಗೆ ಕೈ ಮುಗಿಯುವುದು. ಬೆಳಿಗ್ಗೆ ನಾನು ಅವರಿಗೆ ಕೈ ಮುಗಿಯುವುದು. ನಡುವಿನಲ್ಲಿ ಬಣ್ಣ ತೊಳೆಯಲಿಕ್ಕೆ ಒಂದು ಬಾಲ್ದಿ ನೀರು. ಎಂತ ಮಾಡುವುದು ಮಾರಾಯ್ರೆ?" ಅವರ ಮಗ ಐಟಿಐ ಮಾಡಿದ್ದಾನೆ. ಗೆಜ್ಜೆ ಕಟ್ಟುವುದಿಲ್ಲ ಅಂದಿದ್ದಾನೆ. ಅವನು ಬಾರದಿದ್ದರೆ ಬೇಸರ, ಬಂದರೂ ಬೇಸರ ಅಂದರು. 2022ರಲ್ಲಿ 'ಕಾಂತಾರ' ಸಿನಿಮಾ ಓಡಿದ ಮೇಲೆ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಘೋಷಿಸಿತು. ಸಿನಿಮಾದ ಗಳಿಕೆಯ ಸುದ್ದಿ ನೂರಾರು ಕೋಟಿಯಲ್ಲಿ ಬಂತು.

ಆ ರಾತ್ರಿ ನಮ್ಮೊಳಗೇ ಜಗಳವಾಯಿತು. ಜಗಲಿಯಲ್ಲಿ ಮಲಗಿಕೊಂಡು, ದನಿ ತಗ್ಗಿಸಿಕೊಂಡು. ಒಬ್ಬ ಅಂದ: ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಇಪ್ಪತ್ತೆರಡು ಪ್ರತಿಜ್ಞೆ ಕೊಟ್ಟರು. ದೇವರೂ ಬೇಡ ದೈವವೂ ಬೇಡ, ಇದನ್ನೆಲ್ಲ ಎತ್ತಿ ಕಡಲಿಗೆ ಹಾಕಿ. ಇನ್ನೊಬ್ಬಳು, ಅವಳು ಉತ್ತರ ಕೊಡೋದೇ ಅಪರೂಪ, ಅಂದಳು: ಕಡಲಿಗೆ ಹಾಕಿದರೆ ಹುಬಾಶಿಕನ ಸಾಕ್ಷಿ ಎಲ್ಲಿಂದ ತರ್ತೀಯ? ನಮ್ಮವರ ಹೆಸರಲ್ಲಿ ಶಾಸನ ಇದೆಯಾ? ತಾಮ್ರಪಟ ಇದೆಯಾ? ಎರಡೂ ಮಾತು ಸರಿ. ಆದರೂ ಒಂದು ಕಡೆ ನಿಲ್ಲಬೇಕಲ್ಲ. ಕೈಮುಗಿಯೋದು ಬೇಡ, ಕಿವಿ ಮುಚ್ಚೋದೂ ಬೇಡ. ಬಾಬಾಸಾಹೇಬರೇ 1948ರಲ್ಲಿ ಅಸ್ಪೃಶ್ಯರ ಮೂಲ ಹುಡುಕುವಾಗ ಹಳೆಯ ಶಾಸ್ತ್ರಗಳನ್ನು ಒಂದೂ ಬಿಡದೆ ಓದಿದರು, ಶತ್ರುವಿನ ಕಾಗದ ಓದುವ ಹಾಗೆ. ಪಾಡ್ದನಗಳು ನಮ್ಮವರದೇ ಕಾಗದ. ಮಗ ಗೆಜ್ಜೆ ಕಟ್ಟದಿರಲಿ, ಆದರೆ ಅಪ್ಪನ ಪಾಡ್ದನವನ್ನು ಅವನೇ ಬರೆದಿಟ್ಟುಕೊಳ್ಳಲಿ. ಯೂನಿವರ್ಸಿಟಿಯವರು ಟೇಪು ಹಿಡಿದು ಬಂದು ಡಾಕ್ಟರೇಟು ತಗೊಂಡು ಹೋಗೋವರೆಗೆ ಕಾಯೋದು ಬೇಡ.

ಮಂಗಳೂರಿನದು ಒಂದು ಕತೆ ಮೊದಲೇ ಹೇಳಬೇಕಿತ್ತು, ಇಲ್ಲಿ ಹೇಳುತ್ತೇವೆ. ಕುದ್ಮುಲ್ ರಂಗರಾವ್, 1859ರಿಂದ 1928. ಸಾರಸ್ವತ ಬ್ರಾಹ್ಮಣರು. ನಮ್ಮ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. ತಮ್ಮ ಶಾಲೆಯಲ್ಲಿ ಓದಿದ ಅಸ್ಪೃಶ್ಯರ ಮಗು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ಬೀಳಬೇಕು ಅಂತ ಅವರು ಬಯಸಿದ್ದರಂತೆ. ದಾರಿಯ ಮೇಲೆ ಉಗುಳದ ಹಾಗೆ ಕತ್ತಿಗೆ ಅಂಡೆ ಕಟ್ಟಿದ ಜಿಲ್ಲೆಯಲ್ಲೇ ಒಬ್ಬ ಮನುಷ್ಯ ದಾರಿಯ ಧೂಳಿನ ಬಗ್ಗೆ ಹೀಗೂ ಯೋಚಿಸಿದ. ಕತೆಗಳಲ್ಲಿ ಇದೂ ಒಂದು, ಮಾಯದ ಮಾತಿಲ್ಲದ ಕತೆ. ಆದರೆ ಶಾಲೆ ಬಂತು, ನೆಲ ಬರಲಿಲ್ಲ.

ನೆಲದ ಮಾತು. ಬ್ರಿಟಿಷರ ಮದ್ರಾಸು ಸರ್ಕಾರದ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ದಲಿತರಿಗೆಂದು ತೆಗೆದಿಟ್ಟ ಭೂಮಿ ಇದೆ. ಡಿ.ಸಿ. ಮನ್ನಾ ಭೂಮಿ ಅಂತಾರೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸು. ಅದರಲ್ಲಿ ಬೇಕಾದಷ್ಟು ಬೇರೆಯವರ ಕೈಯಲ್ಲಿದೆ. ಅದನ್ನು ಹಂಚಿ ಅಂತ ದಲಿತ ಸಂಘಟನೆಗಳು ದಶಕಗಳಿಂದ ಧರಣಿ ಕೂತಿವೆ. 1974ರ ಭೂಸುಧಾರಣೆ ಈ ಕರಾವಳಿಯಲ್ಲಿ ಚೆನ್ನಾಗಿಯೇ ಜಾರಿಯಾಯಿತು, ಗೇಣಿದಾರರು ಒಡೆಯರಾದರು. ಆದರೆ ನಮ್ಮವರಲ್ಲಿ ಗೇಣಿ ಚೀಟಿ ಇದ್ದವರು ಎಷ್ಟು ಜನ? ಮೂಲದಾಳುಗಳು, ಕೂಲಿಗಳು. ಉಳುವವನೇ ಒಡೆಯ ಅಂದಾಗ, ಉತ್ತವನ ಹೆಸರು ಕಾಗದದಲ್ಲಿ ಇರಲಿಲ್ಲ. ಕೊಡಲಿ ಎಸೆದವನಿಗೆ ಒಂದೇ ಏಟಿಗೆ ಕಡಲೇ ಜಾಗ ಬಿಟ್ಟಿತು. ನಾವು ಅರ್ಜಿ ಎಸೆಯುತ್ತಲೇ ಇದ್ದೇವೆ, ಗುಮಾಸ್ತರ ಮೇಜೂ ಸರಿಯುತ್ತಿಲ್ಲ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಚೆಂದ ಇದೆ, ಸುಳ್ಳು ಹೇಳಬಾರದು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಮುರುಡೇಶ್ವರದಲ್ಲಿ 123 ಅಡಿಯ ಶಿವ ಕೂತಿದ್ದಾನೆ, ಎಲ್ಲರೂ ಫೋಟೋ ಹಿಡೀತಾರೆ, ನಾವೂ ಹಿಡಿಸಿಕೊಂಡೆವು. ಗೋಕರ್ಣದ ಕತೆ ಅದಕ್ಕೆ ಅಂಟಿಕೊಂಡಿದೆ. ರಾವಣ ತಪಸ್ಸು ಮಾಡಿ ಸಂಪಾದಿಸಿದ ಆತ್ಮಲಿಂಗವನ್ನು ನೆಲಕ್ಕೆ ಇಡಿಸೋಕೆ ಗಣಪತಿ ದನ ಕಾಯುವ ಹುಡುಗನ ವೇಷ ಹಾಕಿ ಬರುತ್ತಾನೆ. ಬಲಿಗೆ ಮೂರು ಹೆಜ್ಜೆ, ಹುಬಾಶಿಕನಿಗೆ ಮದುವೆ, ರಾವಣನಿಗೆ ದನಗಾಹಿ. ಮೋಸಕ್ಕೆ ವೇಷ ಬೇಕಾದಾಗ ಮಾತ್ರ ದನ ಕಾಯುವ ಹುಡುಗನ ಬಟ್ಟೆ ಮೈಲಿಗೆ ಅನ್ನಿಸಲಿಲ್ಲ ನೋಡಿ. ಕೆಲಸ ಮುಗಿದ ಮೇಲೆ ಗಣಪತಿ ಗುಡಿಯೊಳಗೆ ಹೋದ. ಆ ಬಟ್ಟೆಯ ನಿಜವಾದ ಹುಡುಗ ದನದ ಹಿಂದೆಯೇ ಉಳಿದ. ನಮ್ಮಲ್ಲಿ ಇಬ್ಬರು ಏಳನೇ ಕ್ಲಾಸಿನವರೆಗೆ ದನ ಕಾದವರು, ಅವರಿಗೆ ಈ ಕತೆ ಕೇಳಿ ನಗು ಬಂತು.

ಗೋಕರ್ಣ ದಾಟಿದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು, ಮುಂದೆ ಅಂಕೋಲೆ. 1930ರ ಏಪ್ರಿಲ್‌ನಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಊರಿನವರು ಹೆಮ್ಮೆಯಿಂದ ಹೇಳುತ್ತಾರೆ, ಹೆಮ್ಮೆ ಪಡಬೇಕಾದದ್ದೇ. ಆದರೆ ಅದಕ್ಕಿಂತ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಇದೇ ಕಡಲ ಮಗ್ಗುಲಿನ ಸೀಮೆಯಲ್ಲಿ ಮೇಲಕ್ಕೆ, ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಇಳಿದು ಬೊಗಸೆ ನೀರು ಕುಡಿದರು. ಉಪ್ಪಿಗಿಂತ ಮೊದಲು ನೀರು. ಪಠ್ಯಪುಸ್ತಕದಲ್ಲಿ ಉಪ್ಪಿಗೆ ಇಡೀ ಪಾಠ ಇದೆ, ನೀರಿಗೆ ಎಷ್ಟು ಸಾಲು ಅಂತ ನಿಮ್ಮ ಪುಸ್ತಕ ತೆಗೆದು ಎಣಿಸಿ.

ಕಾರವಾರದಲ್ಲಿ ದುಡ್ಡು ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ನಕ್ಷೆ ಬಿಚ್ಚಿ ನೋಡಿದರೆ, ಹೆದ್ದಾರಿ 66 ಕಾಳಿ ಸೇತುವೆ ದಾಟಿ, ಗೋವಾ ದಾಟಿ, ರತ್ನಾಗಿರಿಯ ಸೀಮೆ ದಾಟಿ ಹೋಗಿ ಮಹಾಡದ ಮೇಲೇ ಹಾಯುತ್ತದೆ. ಕುತ್ತಾರಿನ ಹತ್ತಿರ ನಾವು ಹತ್ತಿದ ಅದೇ ರಸ್ತೆ.

ಬರುವ ಮಾರ್ಚ್ 20ಕ್ಕೆ ಅಲ್ಲಿರಬೇಕು ಅಂತ ಇದ್ದೇವೆ. ಬರುವವರು ಇವತ್ತೇ ಹೆಸರು ಕೊಡಿ, ತಿಂಗಳಿಗೆ ಐವತ್ತು ರೂಪಾಯಿ ಹಾಕುತ್ತಾ ಬಂದರೂ ಸಾಕು. ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿಯರ ಹತ್ತಿರ ಕೂತು, ನಿಮ್ಮ ಕೇರಿಯಲ್ಲಿ ಯಾರು ಯಾವ ಹೊಲದಲ್ಲಿ ಹೇಗೆ 'ಮಾಯವಾದರು' ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರಕೊಂಡು ಬನ್ನಿ. ಹೊಲದ ಸರ್ವೆ ನಂಬರು ಸಿಕ್ಕರೆ ಅದನ್ನೂ ಬರೆಯಿರಿ.

ಜೈ ಭೀಮ್.